ಸಂಚಾರಿ ಫುಟ್‌ಬಾಲ್ ಆಟಗಾರ

ಒಂದೇ ಕ್ಲಬ್ಬಿನಲ್ಲಿ ಬಹುಕಾಲ ನೆಲೆ ನಿಲ್ಲದೆ, ಒಂದೆರಡು ವರ್ಷಕ್ಕೊಮ್ಮೆ, ಕೆಲವು ವೇಳೆ ಕೆಲವೇ ತಿಂಗಳಿಗೊಮ್ಮೆ ಕ್ಲಬ್ ಬದಲಿಸುತ್ತ, ಆಟವನ್ನೇ ಜೀವನೋಪಾಯವಾಗಿ ನಡೆಸಿಕೊಂಡು ಹೋಗುವ ವೃತ್ತಿಪರ ಫುಟ್‌ಬಾಲ್ ಆಟಗಾರನನ್ನು ಸಂಚಾರಿ ಆಟಗಾರ ಎಂದು ಗುರುತಿಸಲಾಗುತ್ತದೆ. ಇಂಗ್ಲೆಂಡಿನ ಕ್ರೀಡಾ ಬರವಣಿಗೆಯಲ್ಲಿ ಇಂಥವರಿಗೆ ಜರ್ನಿಮನ್ ಎಂಬ ಹೆಸರಿದೆ. ಎಷ್ಟು ಕ್ಲಬ್ಬುಗಳಿಗೆ ಆಡಿದರೆ ಒಬ್ಬ ಆಟಗಾರ ಈ ವರ್ಗಕ್ಕೆ ಸೇರುತ್ತಾನೆ ಎಂಬುದಕ್ಕೆ ನಿಗದಿಯಾದ ಅಳತೆಯಿಲ್ಲ. ಸಾಮಾನ್ಯವಾಗಿ ದೇಶದ ಎರಡನೆಯ ದರ್ಜೆಯಿಂದ ಕೆಳಗಿನ ಲೀಗುಗಳಲ್ಲಿ, ಅಲ್ಪಾವಧಿಯ ಕರಾರುಗಳ ಮೇಲೆ, ವರ್ಗಾವಣೆ ಶುಲ್ಕವಿಲ್ಲದೆ ಅಥವಾ ಸಣ್ಣ ಮೊತ್ತಕ್ಕೆ ಕೈ ಬದಲಾಗುವವರನ್ನು ಈ ಹೆಸರಿನಿಂದ ಕರೆಯುವುದು ರೂಢಿಯಾದರೂ, ಪ್ಯಾರಿಸ್, ಲಂಡನ್, ಮ್ಯಾಡ್ರಿಡ್, ಇಸ್ತಾಂಬುಲ್, ಶಾಂಘೈ, ಟ್ಯೂರಿನ್ ನಗರಗಳ ಕ್ಲಬ್ಬುಗಳಲ್ಲಿ ಆಡಿ 2014ರಲ್ಲಿ ಮುಂಬೈ ಸಿಟಿ ಸೇರಿದ ಫ್ರಾನ್ಸಿನ ನಿಕೋಲಾ ಅನೆಲ್ಕಾ ಅವರಂತಹ ದುಬಾರಿ ಬೆಲೆಯ ಆಟಗಾರರೂ ಇದರಲ್ಲಿ ಸೇರುವುದುಂಟು. ಇಂಥ ಅಲೆದಾಟವನ್ನು ಆಟಗಾರನ ಚಂಚಲ ಸ್ವಭಾವದ ಇಲ್ಲವೇ ಪ್ರತಿಭೆಯ ಕೊರತೆಯ ಫಲವೆಂದು ನೋಡುವ ವಾಡಿಕೆಯಿದೆ. ಆದರೆ ಈ ವೃತ್ತಿಯ ಇತಿಹಾಸವನ್ನು ಗಮನಿಸಿದರೆ, ಆಟಗಾರನೊಬ್ಬ ಎಷ್ಟು ಊರು ತಿರುಗುತ್ತಾನೆ ಎಂಬುದನ್ನು ಅವನ ಕಾಲಿನ ಚಳಕಕ್ಕಿಂತ ಹೆಚ್ಚಾಗಿ ಕರಾರಿನ ಅವಧಿ, ನೋಂದಣಿಯ ನಿಯಮ ಮತ್ತು ಲೀಗಿನ ವೇಳಾಪಟ್ಟಿ ತೀರ್ಮಾನಿಸುತ್ತ ಬಂದಿರುವುದು ಕಂಡುಬರುತ್ತದೆ.

ನೋಂದಣಿ ಮತ್ತು ವರ್ಗಾವಣೆಯ ಇತಿಹಾಸ

ಆಟಗಾರರಿಗೆ ಸಂಬಳ ಕೊಡುವುದನ್ನು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1885ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು; ಹನ್ನೆರಡು ಕ್ಲಬ್ಬುಗಳ ಫುಟ್‌ಬಾಲ್ ಲೀಗ್ 1888ರಲ್ಲಿ ಆರಂಭವಾಯಿತು. ಆರಂಭದ ವರ್ಷಗಳಲ್ಲಿ ಆಟಗಾರರು ಹೆಚ್ಚು ಕೂಲಿ ಸಿಕ್ಕ ಕಡೆಗೆ ಹೋಗುತ್ತಿದ್ದುದರಿಂದ, ಅದನ್ನು ತಡೆಯಲು 1893ರ ಸುಮಾರಿಗೆ ‘ಉಳಿಸಿಕೊಳ್ಳುವ ಮತ್ತು ವರ್ಗಾಯಿಸುವ’ ಪದ್ಧತಿ ಜಾರಿಗೆ ಬಂದಿತು. ಇದರ ಪ್ರಕಾರ ಆಟಗಾರನ ಕರಾರು ಮುಗಿದ ಮೇಲೂ ಅವನ ನೋಂದಣಿ ಹಳೆಯ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ ಅವನಿಗೆ ಸಂಬಳ ಕೊಡದೆ, ಬೇರೆಡೆ ಆಡಲೂ ಬಿಡದೆ ಕಟ್ಟಿಹಾಕಬಹುದಾಗಿತ್ತು. 1901ರಿಂದ ವಾರಕ್ಕೆ ನಾಲ್ಕು ಪೌಂಡುಗಳ ಗರಿಷ್ಠ ಸಂಬಳದ ಮಿತಿಯೂ ಸೇರಿಕೊಂಡಿತು. ಮಿತಿ ಸಂಬಳಕ್ಕಷ್ಟೇ ಇದ್ದು ವರ್ಗಾವಣೆ ಶುಲ್ಕಕ್ಕೆ ಇರಲಿಲ್ಲವಾದ್ದರಿಂದ, 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರ ಸಂಡರ್‌ಲ್ಯಾಂಡಿನಿಂದ ಮಿಡಲ್ಸ್‌ಬರೊಗೆ ಸಾವಿರ ಪೌಂಡಿಗೆ ಮಾರಾಟವಾದಾಗ, ಆ ಹಣ ಕ್ಲಬ್ಬಿನಿಂದ ಕ್ಲಬ್ಬಿಗೆ ಸಂದಿತೇ ಹೊರತು ಆಟಗಾರನ ವಾರದ ಸಂಬಳ ಮಿತಿಯೊಳಗೇ ಉಳಿಯಿತು.

ಆಟಗಾರರ ಸಂಘ 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ಥಾಪನೆಯಾಯಿತು. ಅದರ ನೆರವಿನಿಂದ ಹರ್ಬರ್ಟ್ ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿರುದ್ಧ ಹೂಡಿದ ದಾವೆ 1912ರಲ್ಲಿ ಸೋತುಹೋಗಿ, ಪದ್ಧತಿ ಮತ್ತೆ ಅರ್ಧ ಶತಮಾನ ಅಲುಗಾಡದೆ ಉಳಿಯಿತು. ಗರಿಷ್ಠ ಸಂಬಳದ ಮಿತಿ ಇಪ್ಪತ್ತು ಪೌಂಡಿಗೆ ಏರಿದ್ದ ಕಾಲದಲ್ಲಿ, ಜಿಮ್ಮಿ ಹಿಲ್ ನೇತೃತ್ವದ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟದ್ದರಿಂದ 1961ರ ಜನವರಿಯಲ್ಲಿ ಆ ಮಿತಿ ರದ್ದಾಯಿತು. ನ್ಯೂಕಾಸಲ್ ಯುನೈಟೆಡ್ ಬಿಟ್ಟುಕೊಡದೆ ಹಟ ಹಿಡಿದಾಗ ಸರ್ರೆ ಪ್ರಾಂತದಲ್ಲಿ ಬಿರಡೆ ಮಾರುವ ಕೆಲಸಕ್ಕೆ ಸೇರಿದ್ದ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು 1963ರಲ್ಲಿ ತೀರ್ಪು ಕೊಟ್ಟು, ಈ ಪದ್ಧತಿ ದುಡಿಮೆಯ ಸ್ವಾತಂತ್ರ್ಯಕ್ಕೆ ಹಾಕಿದ ಅನುಚಿತ ತಡೆ ಎಂದು ಹೇಳಿದರು. ಕರಾರು ಮುಗಿದ ಆಟಗಾರ ಬೇರೆ ಕ್ಲಬ್ಬಿಗೆ ಹೋಗುವ ಹಕ್ಕು ಇಂಗ್ಲೆಂಡಿನಲ್ಲಿ 1978ರಲ್ಲಿ ಸಿಕ್ಕಿತಾದರೂ ಹಳೆಯ ಕ್ಲಬ್ಬಿಗೆ ಪರಿಹಾರ ಕೊಡಬೇಕೆಂಬ ಷರತ್ತು ಮುಂದುವರಿಯಿತು.

ಆ ಷರತ್ತನ್ನು ಯುರೋಪಿನಾದ್ಯಂತ ತೆಗೆದುಹಾಕಿದ್ದು ಬೆಲ್ಜಿಯಮಿನ ಮಧ್ಯಮ ದರ್ಜೆಯ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಅವರ ಮೊಕದ್ದಮೆ. 1990ರಲ್ಲಿ ಕರಾರು ಮುಗಿದಾಗ ಆರ್‌ಎಫ್‌ಸಿ ಲೀಜ್ ಕ್ಲಬ್ ಅವರಿಗೆ ತಿಂಗಳಿಗೆ 1,20,000 ಬೆಲ್ಜಿಯನ್ ಫ್ರಾಂಕುಗಳಿದ್ದ ಸಂಬಳವನ್ನು 30,000ಕ್ಕೆ ಇಳಿಸಿ ಹೊಸ ಕರಾರು ಮುಂದಿಟ್ಟಿತು. ಅವರು ಒಪ್ಪದೆ ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗಲು ಹೊರಟಾಗ ವರ್ಗಾವಣೆ ಶುಲ್ಕ ಅಡ್ಡಿಯಾಯಿತು. ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪು ನೀಡಿ, ಕರಾರು ಮುಗಿದ ಆಟಗಾರನಿಗೆ ಶುಲ್ಕ ಕೇಳುವಂತಿಲ್ಲವೆಂದೂ, ಐರೋಪ್ಯ ಒಕ್ಕೂಟದ ಪ್ರಜೆಗಳ ಸಂಖ್ಯೆಗೆ ಲೀಗುಗಳು ಮಿತಿ ಹೇರುವಂತಿಲ್ಲವೆಂದೂ ಸಾರಿತು. ತೀರ್ಪಿನ ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಗಲಿಲ್ಲ. ಬೇಡಿಕೆಯಲ್ಲಿದ್ದ ಆಟಗಾರರು ಶುಲ್ಕ ಉಳಿದದ್ದನ್ನೇ ಮುಂದಿಟ್ಟು ಭಾರಿ ಸಂಬಳ ಪಡೆದರು. ಸಣ್ಣ ಕ್ಲಬ್ಬುಗಳು ಮಾತ್ರ, ಮುಂದೆ ಶುಲ್ಕವಿಲ್ಲದೆ ಕೈತಪ್ಪಿಹೋಗುವ ಸಾಧಾರಣ ಆಟಗಾರನ ಮೇಲೆ ದೀರ್ಘ ಕರಾರಿನ ಹಣ ಹೂಡುವುದನ್ನು ಕಡಿಮೆ ಮಾಡಿ, ಒಂದು ಇಲ್ಲವೇ ಎರಡು ವರ್ಷದ ಕರಾರುಗಳನ್ನೇ ನೆಚ್ಚಿಕೊಂಡವು. ಇಂದಿನ ಸಂಚಾರಿ ಆಟಗಾರನ ಬದುಕು ಮುಖ್ಯವಾಗಿ ಈ ಎರಡನೆಯ ಪರಿಣಾಮದಿಂದ ರೂಪುಗೊಂಡದ್ದು.

ವೃತ್ತಿಯ ಹಂತಗಳು

ಸಂಚಾರಿ ಆಟಗಾರರಲ್ಲಿ ಅನೇಕರು ದೊಡ್ಡ ಕ್ಲಬ್ಬಿನ ಅಕಾಡೆಮಿಯಲ್ಲೇ, ಅಂದರೆ ಬಾಲಕರನ್ನು ಚಿಕ್ಕ ವಯಸ್ಸಿನಿಂದ ಪಳಗಿಸುವ ತರಬೇತಿ ವಿಭಾಗದಲ್ಲೇ, ಆಟ ಕಲಿತವರಾಗಿರುತ್ತಾರೆ. ಹದಿನಾರು ಮತ್ತು ಹದಿನೆಂಟರ ವಯಸ್ಸಿನಲ್ಲಿ ಬಹುಪಾಲು ಹುಡುಗರನ್ನು ಕ್ಲಬ್ಬುಗಳು ಕೈಬಿಡುತ್ತವೆ. ಹಾಗೆ ಹೊರಬಿದ್ದವರು ಕೆಳಗಿನ ಲೀಗಿನ ಕ್ಲಬ್ಬುಗಳಲ್ಲಿ ಟ್ರಯಲ್ ಎಂಬ ಪರೀಕ್ಷಾವಧಿಗೆ ಹಾಜರಾಗುತ್ತಾರೆ. ಇದರಲ್ಲಿ ಆಟಗಾರ ಕೆಲವು ದಿನ ಅಥವಾ ವಾರ ಕರಾರಿಲ್ಲದೆ ತಂಡದ ಜೊತೆ ಅಭ್ಯಾಸ ಮಾಡಿ, ಒಂದೆರಡು ಸ್ನೇಹಪಂದ್ಯಗಳಲ್ಲಿ ಆಡಿ ತೋರಿಸಬೇಕಾಗುತ್ತದೆ. ಹದಿಹರೆಯದಲ್ಲಿ ಲಿವರ್‌ಪೂಲ್ ಕೈಬಿಟ್ಟಿದ್ದ ರಿಕಿ ಲ್ಯಾಂಬರ್ಟ್, ಬ್ಲ್ಯಾಕ್‌ಪೂಲ್ ಕ್ಲಬ್ಬೂ ಬೇಡವೆಂದ ಮೇಲೆ ಬೀಟ್‌ರೂಟ್ ಸಂಸ್ಕರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅನಂತರ ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರಾಚ್‌ಡೇಲ್, ಬ್ರಿಸ್ಟಲ್ ರೋವರ್ಸ್, ಸೌತಾಂಪ್ಟನ್ ಕ್ಲಬ್ಬುಗಳ ಮೂಲಕ ಒಂದೊಂದೇ ಮೆಟ್ಟಿಲು ಹತ್ತಿ, 2013ರ ಆಗಸ್ಟ್‌ನಲ್ಲಿ ಮೂವತ್ತೊಂದರ ವಯಸ್ಸಿನಲ್ಲಿ ಇಂಗ್ಲೆಂಡ್ ಪರ ಸ್ಕಾಟ್ಲೆಂಡಿನ ವಿರುದ್ಧ ಮೊದಲ ಪಂದ್ಯ ಆಡಿ, ಚೆಂಡನ್ನು ಮೊದಲ ಬಾರಿ ಮುಟ್ಟಿದಾಗಲೇ ಗೋಲು ಹೊಡೆದರು. ಅವರ ಏರಿಕೆ ಅಪವಾದವೇ ಆದರೂ, ಅದರ ಮೊದಲರ್ಧ ಸಾವಿರಾರು ಆಟಗಾರರ ಪಾಲಿಗೆ ಸಾಮಾನ್ಯವಾದದ್ದು.

ವೃತ್ತಿಯ ನಡುಗಾಲ, ಅಂದರೆ ಇಪ್ಪತ್ತೆರಡರಿಂದ ಮೂವತ್ತರವರೆಗಿನ ಅವಧಿ, ಒಂದು ವಾರ್ಷಿಕ ಚಕ್ರಕ್ಕೆ ಕಟ್ಟುಬಿದ್ದಿರುತ್ತದೆ. ಇಂಗ್ಲೆಂಡಿನಲ್ಲಿ ಕರಾರುಗಳು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತವೆ. ಋತು ಮುಗಿಯುತ್ತಲೇ ಮೇ ತಿಂಗಳಿನಲ್ಲಿ ಪ್ರತಿ ಕ್ಲಬ್ಬೂ ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಬಿಡುತ್ತದೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಮ್ಯಾನೇಜರ್ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು ತೀರ್ಮಾನ ತಿಳಿಸುವುದು ವಾಡಿಕೆ. ಪಟ್ಟಿಯಿಂದ ಬಿಟ್ಟುಹೋದವನು ಬೇಸಿಗೆಯ ತಿಂಗಳುಗಳನ್ನು ಏಜೆಂಟನ ದೂರವಾಣಿ ಕರೆಗೆ ಕಾಯುತ್ತ, ದೇಹವನ್ನು ಸ್ವಂತ ಖರ್ಚಿನಲ್ಲಿ ಸಜ್ಜಾಗಿಟ್ಟುಕೊಳ್ಳುತ್ತ ಕಳೆಯಬೇಕಾಗುತ್ತದೆ. ಜುಲೈನಲ್ಲಿ ತಂಡಗಳು ಅಭ್ಯಾಸಕ್ಕೆ ಮರಳುವಾಗ ಕರಾರು ಸಿಗದವನು ಟ್ರಯಲಿಗೆ ಹೋಗುತ್ತಾನೆ. ಮೂವತ್ತರ ಹತ್ತಿರದ, ನೂರಾರು ಪಂದ್ಯ ಆಡಿದ ಆಟಗಾರನೂ ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತು ತನ್ನನ್ನು ತೋರಿಸಿಕೊಳ್ಳಬೇಕಾಗಿ ಬರುವುದು ಈ ವೃತ್ತಿಯ ಲಕ್ಷಣಗಳಲ್ಲೊಂದು.

ಮ್ಯಾನೇಜರುಗಳ ಬದಲಾವಣೆಯೂ ಸಂಚಾರಕ್ಕೆ ದೊಡ್ಡ ಕಾರಣ. ಹೊಸದಾಗಿ ಬಂದವನು ತನ್ನ ಆಟದ ವಿಧಾನಕ್ಕೆ ಒಗ್ಗದವರನ್ನು ಹೊರಕಳಿಸಿ, ಹಿಂದಿನ ಕ್ಲಬ್ಬಿನಲ್ಲಿ ತನ್ನ ಕೈಕೆಳಗೆ ಆಡಿದ್ದವರನ್ನು ಕರೆಸಿಕೊಳ್ಳುತ್ತಾನೆ. ಹೀಗಾಗಿ ಒಬ್ಬನೇ ಮ್ಯಾನೇಜರನ ಹಿಂದೆ ಎರಡು ಮೂರು ಕ್ಲಬ್ಬುಗಳಿಗೆ ಹೋದ ಆಟಗಾರರು ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಗೋಲ್‌ಕೀಪರುಗಳು ಮತ್ತು ಗೋಲು ಹೊಡೆಯುವ ಮುಂಚೂಣಿ ಆಟಗಾರರು ಇವರಲ್ಲಿ ಹೆಚ್ಚಾಗಿರುವುದಕ್ಕೂ ಇಂಥದೇ ಪ್ರಾಯೋಗಿಕ ಕಾರಣಗಳಿವೆ: ತಂಡದಲ್ಲಿ ಒಬ್ಬನೇ ಗೋಲ್‌ಕೀಪರ್ ಆಡಲು ಸಾಧ್ಯವಿರುವುದರಿಂದ ಎರಡನೆಯವನು ಸದಾ ಬೇರೆ ಕ್ಲಬ್ಬಿನತ್ತ ಕಣ್ಣಿಟ್ಟಿರುತ್ತಾನೆ, ಗೋಲು ಬಾರದ ತಂಡವಂತೂ ಮೊದಲು ಹುಡುಕುವುದೇ ಗೋಲು ಹೊಡೆಯುವವನನ್ನು.

ಎರವಲು, ಅವಧಿ ಮತ್ತು ಆದಾಯ

ಒಂದು ಕ್ಲಬ್ಬಿನ ಜೊತೆ ಕರಾರಿನಲ್ಲಿದ್ದುಕೊಂಡೇ ನಿಗದಿತ ಕಾಲಕ್ಕೆ ಮತ್ತೊಂದು ಕ್ಲಬ್ಬಿಗೆ ಆಡುವುದಕ್ಕೆ ಎರವಲು ಎನ್ನುತ್ತಾರೆ. ಆಗ ಸಂಬಳವನ್ನು ಎರಡು ಕ್ಲಬ್ಬುಗಳೂ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. 2000ದಲ್ಲಿ ಕೇಂಬ್ರಿಡ್ಜ್ ಯುನೈಟೆಡಿನಿಂದ ಹತ್ತು ಲಕ್ಷ ಪೌಂಡಿಗೆ ಲೆಸ್ಟರ್ ಸಿಟಿ ಸೇರಿದ ಟ್ರೆವರ್ ಬೆಂಜಮಿನ್ ಅಲ್ಲಿ ನೆಲೆಯೂರಲಾಗದೆ ಒಂದಾದ ಮೇಲೊಂದು ಕ್ಲಬ್ಬಿಗೆ ಎರವಲು ಹೋದದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಫಿಫಾ ಸಂಸ್ಥೆ 2002–03ರ ಋತುವಿನಿಂದ ವರ್ಗಾವಣೆಯನ್ನು ವರ್ಷದ ಎರಡು ನಿಗದಿತ ಅವಧಿಗಳಿಗೆ ಸೀಮಿತಗೊಳಿಸಿತು. ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಮಾತ್ರ ಈ ಅವಧಿಗಳ ಹೊರಗೂ ‘ತುರ್ತು ಎರವಲು’ ನಡೆಯುತ್ತಿದ್ದು, ಅದು 2016ರಲ್ಲಿ ನಿಂತುಹೋಗಿ, ಗೋಲ್‌ಕೀಪರುಗಳ ವಿಷಯದಲ್ಲಷ್ಟೇ ವಿನಾಯಿತಿ ಉಳಿಯಿತು. ಫಿಫಾ ನಿಯಮದಂತೆ ಒಬ್ಬ ಆಟಗಾರ ಒಂದು ಋತುವಿನಲ್ಲಿ ಗರಿಷ್ಠ ಮೂರು ಕ್ಲಬ್ಬುಗಳಲ್ಲಿ ನೋಂದಣಿಯಾಗಬಹುದು, ಆದರೆ ಸಾಮಾನ್ಯವಾಗಿ ಎರಡರ ಪರ ಮಾತ್ರ ಅಧಿಕೃತ ಪಂದ್ಯ ಆಡಬಹುದು. ದೇಶ ಬದಲಿಸುವವನಿಗೆ ಹಳೆಯ ದೇಶದ ಒಕ್ಕೂಟ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಕೊಡಬೇಕು. 2010ರಿಂದ ಈ ವ್ಯವಹಾರ ಗಣಕಜಾಲದ ಮೂಲಕವೇ ನಡೆಯುತ್ತಿದ್ದು, ಕಡತವೊಂದು ಗಡುವು ಮೀರಿ ತಲುಪಿದರೆ ಆಟಗಾರ ಮುಂದಿನ ಅವಧಿಯವರೆಗೆ ಆಡುವಂತಿಲ್ಲ.

ಸಂಬಳದ ಜೊತೆಗೆ ಕರಾರಿಗೆ ಸಹಿ ಹಾಕಿದ್ದಕ್ಕೆ ಒಂದು ಮೊತ್ತ, ಆಡಿದ ಪ್ರತಿ ಪಂದ್ಯಕ್ಕೆ, ಗೆಲುವಿಗೆ ಮತ್ತು ಗೋಲಿಗೆ ಬೇರೆ ಬೇರೆ ಬೋನಸ್ ಸೇರಿ ಸಂಚಾರಿ ಆಟಗಾರನ ಆದಾಯವಾಗುತ್ತದೆ. ಆದ್ದರಿಂದ ಗಾಯವೊಂದು ಅವನ ದೇಹಕ್ಕಷ್ಟೇ ಅಲ್ಲದೆ ತಿಂಗಳ ಲೆಕ್ಕಕ್ಕೂ ಪೆಟ್ಟು ಕೊಡುತ್ತದೆ. ಆಟಗಾರರ ಸಂಘಗಳ ಜಾಗತಿಕ ಒಕ್ಕೂಟವಾದ ಫಿಫ್‌ಪ್ರೊ 54 ದೇಶಗಳ ಸುಮಾರು 14,000 ಆಟಗಾರರನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಶೇ. 45ಕ್ಕೂ ಹೆಚ್ಚು ಮಂದಿಯ ಆದಾಯ ತಿಂಗಳಿಗೆ ಸಾವಿರ ಡಾಲರಿಗಿಂತ ಕಡಿಮೆಯಿತ್ತು, ಹಿಂದಿನ ಎರಡು ಋತುಗಳಲ್ಲಿ ಶೇ. 41ರಷ್ಟು ಮಂದಿಗೆ ಸಂಬಳ ತಡವಾಗಿ ಕೈಸೇರಿತ್ತು, ಕರಾರಿನ ಸರಾಸರಿ ಅವಧಿ ಎರಡು ವರ್ಷಕ್ಕಿಂತ ತುಸು ಕಡಿಮೆಯಿತ್ತು. ಈ ಅಂಕಿಗಳ ಬೆಳಕಿನಲ್ಲಿ ನೋಡಿದಾಗ, ದೂರದರ್ಶನದಲ್ಲಿ ಕಾಣುವ ಕೋಟ್ಯಧಿಪತಿ ಆಟಗಾರನೇ ಅಪವಾದವೆಂದೂ ಊರೂರು ತಿರುಗುವವನೇ ಈ ವೃತ್ತಿಯ ಸಾಮಾನ್ಯ ಪ್ರತಿನಿಧಿಯೆಂದೂ ತಿಳಿಯುತ್ತದೆ.

ನಿದರ್ಶನ: ಸ್ಟೀವ್ ಕ್ಲಾರಿಜ್

ಇಂಗ್ಲೆಂಡಿನ ಸಂಚಾರಿ ಆಟಗಾರರಲ್ಲಿ ಹೆಚ್ಚು ಹೆಸರಾದವರು 1966ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಹುಟ್ಟಿದ ಮುಂಚೂಣಿ ಆಟಗಾರ ಸ್ಟೀವ್ ಕ್ಲಾರಿಜ್. ಫೇರ್‌ಹ್ಯಾಮ್ ಟೌನ್ ಎಂಬ ಸ್ಥಳೀಯ ತಂಡದಿಂದ ಬೋರ್ನ್‌ಮತ್ ಸೇರಿ, ಅಲ್ಲಿ ಅವಕಾಶ ಸಿಗದೆ ಲೀಗಿನ ಹೊರಗಿನ ವೇಮತ್ ಕ್ಲಬ್ಬಿಗೆ ಇಳಿದು, ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿಗೆ ಹೋಗಿ ಒಂದು ಪಂದ್ಯವನ್ನೂ ಆಡದೆ ಹೊರಬಂದು, ಆಲ್ಡರ್‌ಶಾಟ್, ಕೇಂಬ್ರಿಡ್ಜ್ ಯುನೈಟೆಡ್, ಲೂಟನ್, ಮತ್ತೆ ಕೇಂಬ್ರಿಡ್ಜ್ ಎಂಬಂತೆ ಸಾಗಿದ ಅವರ ಮೊದಲ ಹತ್ತು ವರ್ಷಗಳು ಈ ವೃತ್ತಿಯ ಮಾದರಿ ನಕ್ಷೆಯಂತಿವೆ. 1994ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಗೂ, 1996ರ ಮಾರ್ಚ್‌ನಲ್ಲಿ ಹನ್ನೆರಡು ಲಕ್ಷ ಪೌಂಡಿಗೆ ಲೆಸ್ಟರ್ ಸಿಟಿಗೂ ಅವರು ವರ್ಗಾವಣೆಯಾದರು.

ಅದೇ ವರ್ಷದ ಮೇ 27ರಂದು ವೆಂಬ್ಲಿ ಮೈದಾನದಲ್ಲಿ, ಪ್ರೀಮಿಯರ್ ಲೀಗಿಗೆ ಬಡ್ತಿ ಕೊಡಿಸುವ ಪ್ಲೇಆಫ್ ಫೈನಲಿನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಹೆಚ್ಚುವರಿ ಅವಧಿಯ ಕೊನೆಯವರೆಗೂ 1–1ರ ಸಮಬಲದಲ್ಲಿದ್ದವು. ಪಂದ್ಯ ಪೆನಾಲ್ಟಿಗಳಿಗೆ ಹೋಗುವುದು ಖಚಿತವೆಂದು ಭಾವಿಸಿದ ಮ್ಯಾನೇಜರ್ ಮಾರ್ಟಿನ್ ಓನೀಲ್, ಅದಕ್ಕೆಂದೇ ಎತ್ತರದ ಬದಲಿ ಗೋಲ್‌ಕೀಪರ್ ಜೆಲ್ಕೊ ಕಲಾಚ್ ಅವರನ್ನು ಮೈದಾನಕ್ಕೆ ಇಳಿಸಿದ್ದರು. ಅಷ್ಟರಲ್ಲಿ ಪೆನಾಲ್ಟಿ ಚೌಕದ ಹೊರಗೆ ತಮ್ಮತ್ತ ಬಂದ ಚೆಂಡನ್ನು ಕ್ಲಾರಿಜ್ ಬಲವಾಗಿ ಒದ್ದರು. ಅದು ಪಾದಕ್ಕಲ್ಲದೆ ಮೊಣಕಾಲ ಕೆಳಗಿನ ಎಲುಬಿಗೆ ತಗುಲಿ ಗೋಲಿನ ಮೇಲ್ಮೂಲೆ ಸೇರಿತು, ಕಲಾಚ್ ಚೆಂಡನ್ನು ತಡೆಯುವ ಪ್ರಮೇಯವೇ ಬರಲಿಲ್ಲ. 1997ರ ಏಪ್ರಿಲ್‌ನಲ್ಲಿ ಲೀಗ್ ಕಪ್ ಫೈನಲಿನ ಮರುಪಂದ್ಯದಲ್ಲಿ ಮಿಡಲ್ಸ್‌ಬರೊ ವಿರುದ್ಧದ ಏಕೈಕ ಗೋಲು ಕೂಡ ಅವರದೇ. ಆದರೂ ಮರುವರ್ಷವೇ ಅವರು ಲೆಸ್ಟರ್ ಬಿಡಬೇಕಾಯಿತು. ವುಲ್ವ್ಸ್, ಪೋರ್ಟ್ಸ್‌ಮತ್, ಮಿಲ್‌ವಾಲ್ ಆದ ಮೇಲೆ ಆಟಗಾರ ಮತ್ತು ಮ್ಯಾನೇಜರ್ ಎರಡೂ ಆಗಿ ವೇಮತ್‌ಗೆ ಮರಳಿ, ಅನಂತರ ಬ್ರೈಟನ್, ಬ್ರೆಂಟ್‌ಫರ್ಡ್, ವಿಕಂ, ಗಿಲಿಂಗ್‌ಹ್ಯಾಮ್, ಬ್ರಾಡ್‌ಫೋರ್ಡ್, ವಾಲ್ಸಲ್ ಕ್ಲಬ್ಬುಗಳಲ್ಲಿ ಅಲ್ಪಕಾಲ ಆಡಿ, 2006ರ ಡಿಸೆಂಬರ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ಬೋರ್ನ್‌ಮತ್ ಪರ ತಮ್ಮ ಸಾವಿರದ ಪಂದ್ಯಕ್ಕೆ ಇಳಿದರು. ಒಬ್ಬ ಆಟಗಾರ ಒಂದು ಕ್ಲಬ್ಬಿನ ಚರಿತ್ರೆಯ ದೊಡ್ಡ ಗಳಿಗೆಗಳಿಗೆ ಕಾರಣನಾಗಿಯೂ ಅಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯದೆ ಹೋಗಬಹುದು ಎಂಬುದನ್ನು ಈ ವೃತ್ತಿಜೀವನ ತೋರಿಸುತ್ತದೆ.

ಖಂಡ ದಾಟಿದವರು

ಕ್ಲಬ್ಬುಗಳ ಸಂಖ್ಯೆಯ ಲೆಕ್ಕದಲ್ಲಿ ಉರುಗ್ವೆಯ ಸೆಬಾಸ್ಟಿಯನ್ ಅಬ್ರೆಯು ಪ್ರಸಿದ್ಧರು. 1976ರಲ್ಲಿ ಹುಟ್ಟಿದ ಇವರು ಅರ್ಜೆಂಟೀನಾ, ಸ್ಪೇನ್, ಬ್ರೆಜಿಲ್, ಮೆಕ್ಸಿಕೊ, ಇಸ್ರೇಲ್, ಗ್ರೀಸ್, ಈಕ್ವೆಡಾರ್, ಎಲ್ ಸಾಲ್ವಡಾರ್ ಮೊದಲಾದ ದೇಶಗಳಲ್ಲಿ ಆಡಿ, 2017ರ ಕೊನೆಗೆ ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿದಾಗ 26 ಕ್ಲಬ್ಬುಗಳೊಂದಿಗೆ ಗಿನ್ನೆಸ್ ದಾಖಲೆ ಸ್ಥಾಪಿಸಿ, 2021ರಲ್ಲಿ ನಿವೃತ್ತರಾದರು. ಸಂಚಾರಿ ಆಟಗಾರನೆಂದರೆ ಕೆಳದರ್ಜೆಯವನೆಂಬ ಗ್ರಹಿಕೆಗೆ ಅವರು ಒಳ್ಳೆಯ ಉತ್ತರ: ಉರುಗ್ವೆ ಪರ 70 ಪಂದ್ಯಗಳಲ್ಲಿ 26 ಗೋಲು ಹೊಡೆದ ಅವರು, 2010ರ ವಿಶ್ವಕಪ್ ಕ್ವಾರ್ಟರ್‌ಫೈನಲಿನಲ್ಲಿ ಘಾನಾ ವಿರುದ್ಧದ ನಿರ್ಣಾಯಕ ಪೆನಾಲ್ಟಿಯನ್ನು, ಗೋಲ್‌ಕೀಪರ್ ಒಂದು ಪಕ್ಕಕ್ಕೆ ಹಾರುವನೆಂದು ನಂಬಿ ಗೋಲಿನ ನಡುಭಾಗಕ್ಕೆ ಮೆಲ್ಲಗೆ ಎತ್ತಿ ಹಾಕಿ ತಂಡವನ್ನು ಸೆಮಿಫೈನಲಿಗೆ ಒಯ್ದರು.

ಜರ್ಮನಿಯ ಗೋಲ್‌ಕೀಪರ್ ಲುಟ್ಸ್ ಫಾನನ್‌ಸ್ಟೀಲ್, ಫಿಫಾದ ಆರೂ ಖಂಡೀಯ ಒಕ್ಕೂಟಗಳ ವ್ಯಾಪ್ತಿಯಲ್ಲಿ ವೃತ್ತಿಪರವಾಗಿ ಆಡಿದ ಮೊದಲಿಗರೆಂದು ಹೆಸರಾದವರು. ಈ ಜೀವನದ ಅಪಾಯಗಳೂ ಅವರಲ್ಲಿ ಎದ್ದು ಕಾಣುತ್ತವೆ. 2001ರಲ್ಲಿ ಸಿಂಗಪುರದಲ್ಲಿ ಪಂದ್ಯದ ಮೋಸದಾಟದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ 101 ದಿನ ಸೆರೆಮನೆಯಲ್ಲಿದ್ದರು. ಆ ಆರೋಪವನ್ನು ಅವರು ಅಲ್ಲಗಳೆಯುತ್ತಲೇ ಬಂದಿದ್ದಾರೆ. 2002ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ಪಾರ್ಕ್ ಅವೆನ್ಯೂ ಪರ ಆಡುವಾಗ ಎದುರಾಳಿಯೊಂದಿಗಿನ ಡಿಕ್ಕಿಯಲ್ಲಿ ಅವರ ಉಸಿರು ಮೂರು ಬಾರಿ ನಿಂತು, ಮೈದಾನದಲ್ಲೇ ಮಾಡಿದ ಶುಶ್ರೂಷೆಯಿಂದ ಬದುಕುಳಿದರು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಆಟಗಾರರ ಸಂಚಾರ ವೃತ್ತಿಪರತೆಗಿಂತ ಹಳೆಯದು. ಹೆಸರಿಗೆ ಹವ್ಯಾಸಿ ಆಟವಾಗಿದ್ದ ಕಾಲದಲ್ಲೇ ಬೆಂಗಳೂರಿನ ದಂಡು ಪ್ರದೇಶದ ಬಡಾವಣೆಗಳಲ್ಲಿ ಬೆಳೆದ ಆಟಗಾರರನ್ನು ಕಲ್ಕತ್ತೆಯ ಕ್ಲಬ್ಬುಗಳು ಕರೆದೊಯ್ಯುತ್ತಿದ್ದವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೋಹನ್ ಬಾಗಾನ್ ಸೇರಿದರೆ, ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬಿನಿಂದ ಈಸ್ಟ್ ಬೆಂಗಾಲಿಗೆ ಹೋಗಿ, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ ಅವರೊಂದಿಗೆ ‘ಪಂಚಪಾಂಡವರು’ ಎಂದು ಖ್ಯಾತವಾದ ಮುಂಚೂಣಿಯಲ್ಲಿ ಆಡಿದರು. ವಿದೇಶಿ ಸಂಚಾರಿಗಳ ಪೈಕಿ, ವಿದ್ಯಾರ್ಥಿಯಾಗಿ ಭಾರತಕ್ಕೆ ಬಂದು ಕಲ್ಕತ್ತೆಯ ಮೂರೂ ದೊಡ್ಡ ಕ್ಲಬ್ಬುಗಳಿಗೆ ಆಡಿದ ನೈಜೀರಿಯದ ಚಿಮಾ ಒಕೊರಿ ಮೊದಲಿಗರಲ್ಲೊಬ್ಬರು.

ಇದಕ್ಕೆ ವಿರುದ್ಧವಾದ ಮಾದರಿಯೊಂದು ಬೆಂಗಳೂರಿನಲ್ಲೇ ಬೆಳೆದಿತ್ತು. ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕಾಯಂ ನೌಕರಿ ಕೊಟ್ಟು ತಂಡ ಕಟ್ಟಿದವು. ಆಟಗಾರ ಬೆಳಗ್ಗೆ ಅಭ್ಯಾಸ ಮುಗಿಸಿ ಹಾಜರಿ ಹಾಕಿ, ಆಟ ಬಿಟ್ಟ ಮೇಲೂ ನಿವೃತ್ತಿಯವರೆಗೆ ನೌಕರಿಯಲ್ಲಿ ಮುಂದುವರಿಯುತ್ತಿದ್ದ. ಈ ವ್ಯವಸ್ಥೆಯಲ್ಲಿ ಸಂಬಳ ಕಡಿಮೆಯಿದ್ದರೂ ಊರು ಬಿಡುವ ಅಗತ್ಯವಿರಲಿಲ್ಲ. ಉದ್ದಿಮೆಗಳು ಕ್ರೀಡಾ ನೇಮಕಾತಿಯನ್ನು ಇಳಿಸಿದಂತೆ ಆಟಗಾರರು ಕರಾರಿನ ಮಾರುಕಟ್ಟೆಯನ್ನೇ ಆಶ್ರಯಿಸಬೇಕಾಯಿತು.

ಭಾರತದ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ ಇಂದು ಬೆಂಗಳೂರಿನೊಂದಿಗೆ ಬೆಸೆದುಕೊಂಡ ಹೆಸರು. ಆದರೆ 2002ರಲ್ಲಿ ಮೋಹನ್ ಬಾಗಾನ್ ಸೇರಿದ ಅವರು ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕ್ಯಾನ್ಸಸ್ ಸಿಟಿ, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡ, ಚರ್ಚಿಲ್ ಬ್ರದರ್ಸ್ ಇಷ್ಟನ್ನೂ ಸುತ್ತಿ 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬಂದರು. ಅಲ್ಲಿ ನೆಲೆಸಿದ ಮೇಲೂ ಅವರು ಮುಂಬೈ ಸಿಟಿ ಪರ ಆಡಬೇಕಾಗಿ ಬಂದದ್ದು ಲೀಗಿನ ವೇಳಾಪಟ್ಟಿಯಿಂದ: 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಮೊದಲ ವರ್ಷಗಳಲ್ಲಿ ಸುಮಾರು ಮೂರು ತಿಂಗಳಿಗೆ ಮುಗಿಯುತ್ತಿದ್ದು, ಬೆಂಗಳೂರು ಎಫ್‌ಸಿ ಆಡುತ್ತಿದ್ದ ಐ-ಲೀಗ್ ಅದರ ಅನಂತರ ನಡೆಯುತ್ತಿದ್ದುದರಿಂದ, ಭಾರತದ ಪ್ರಮುಖ ಆಟಗಾರರು ಒಂದೇ ವರ್ಷದಲ್ಲಿ ಎರಡು ಕ್ಲಬ್ಬುಗಳ ಅಂಗಿ ತೊಡುವುದು ಸಾಮಾನ್ಯವಾಗಿತ್ತು. 2015ರ ಹರಾಜಿನಲ್ಲಿ ಮುಂಬೈ ಅವರನ್ನು 1.2 ಕೋಟಿ ರೂಪಾಯಿಗೆ ಪಡೆಯಿತು. ಬೆಂಗಳೂರು ಎಫ್‌ಸಿ 2017ರಲ್ಲಿ ಸೂಪರ್ ಲೀಗ್ ಸೇರುತ್ತಲೇ ಈ ಇಬ್ಬಗೆಯ ನೋಂದಣಿಯ ಅಗತ್ಯ ಅವರ ಪಾಲಿಗೆ ಇಲ್ಲವಾಯಿತು.

ಕೊನೆಯ ಘಟ್ಟ ಮತ್ತು ಇತ್ತೀಚಿನ ಬೆಳವಣಿಗೆ

ಸಂಚಾರಿ ಆಟಗಾರನ ನಿವೃತ್ತಿ ಸಾಮಾನ್ಯವಾಗಿ ಘೋಷಣೆಯಿಂದಲ್ಲ, ಮುಂದಿನ ಕರಾರು ಬಾರದಿರುವುದರಿಂದ ಆಗುತ್ತದೆ. ಮೂವತ್ತೈದರ ನಂತರ ಅವನು ಅರೆಕಾಲಿಕ ತಂಡಗಳಿಗೆ ಇಳಿದು, ಹಗಲು ಬೇರೆ ಕೆಲಸ ಮಾಡುತ್ತ ವಾರಾಂತ್ಯ ಆಡುತ್ತಾನೆ. ಅನೇಕ ಊರುಗಳಲ್ಲಿ ಗಳಿಸಿದ ಪರಿಚಯ ಕೆಲವರಿಗೆ ಎರಡನೆಯ ವೃತ್ತಿಗೆ ಬಂಡವಾಳವಾಗುತ್ತದೆ. ಸುಮಾರು ಮೂವತ್ತು ಕ್ಲಬ್ಬುಗಳನ್ನು ಕಂಡು, 1995ರಲ್ಲಿ ಮ್ಯಾಂಚೆಸ್ಟರ್ ಸಿಟಿ ಪರ ನಲವತ್ತಮೂರರ ವಯಸ್ಸಿನಲ್ಲಿ ಆಡಿ ಪ್ರೀಮಿಯರ್ ಲೀಗಿನ ಅತ್ಯಂತ ಹಿರಿಯ ಆಟಗಾರರೆನಿಸಿದ ಗೋಲ್‌ಕೀಪರ್ ಜಾನ್ ಬರಿಜ್ ಮುಂದೆ ಒಮಾನಿನಲ್ಲಿ ತರಬೇತುದಾರರಾಗಿ ಅಲಿ ಅಲ್ ಹಬ್ಸಿಯ ಪ್ರತಿಭೆಯನ್ನು ಗುರುತಿಸಿದರು. ಫಾನನ್‌ಸ್ಟೀಲ್ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ ಕ್ಲಬ್ಬುಗಳಿಗೆ ಆಟಗಾರರನ್ನು ಆರಿಸುವ ಕ್ರೀಡಾ ನಿರ್ದೇಶಕರಾದರು.

ಇತ್ತೀಚಿನ ವರ್ಷಗಳಲ್ಲಿ ನಿಯಮಗಳು ಮತ್ತೆ ಬದಲಾಗುತ್ತಿವೆ. ದೊಡ್ಡ ಕ್ಲಬ್ಬುಗಳು ಡಜನ್‌ಗಟ್ಟಲೆ ಯುವ ಆಟಗಾರರನ್ನು ಕೊಂಡು ಎರವಲು ಕೊಡುತ್ತಲೇ ಇರುವುದನ್ನು ತಡೆಯಲು ಫಿಫಾ 2022ರಿಂದ ಅಂತರರಾಷ್ಟ್ರೀಯ ಎರವಲಿಗೆ ಮಿತಿ ಹಾಕಿ, 2024ರ ವೇಳೆಗೆ ಅದನ್ನು ಆರು ಆಟಗಾರರಿಗೆ ಇಳಿಸಿತು. ಮಾಸ್ಕೋದ ಲೊಕೊಮೊಟಿವ್ ಕ್ಲಬ್ಬಿನೊಂದಿಗಿನ ಕರಾರು ಮುರಿದುಬಿದ್ದ ಮೇಲೆ ಬೆಲ್ಜಿಯಮಿನ ಕ್ಲಬ್ಬೊಂದಕ್ಕೆ ಸೇರಲಾಗದೆ ಹೋದ ಲಸ್ಸಾನಾ ದಿಯಾರಾ ಅವರ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟು, ಕರಾರು ಮುರಿದವನ ಮುಂದಿನ ಕ್ಲಬ್ಬನ್ನೂ ಪರಿಹಾರಕ್ಕೆ ಹೊಣೆ ಮಾಡುವ ಮತ್ತು ಅವನ ವರ್ಗಾವಣೆ ಪ್ರಮಾಣಪತ್ರವನ್ನು ತಡೆಹಿಡಿಯುವ ಫಿಫಾ ನಿಯಮಗಳು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಹೇಳಿತು. ಎರವಲಿನ ಮಿತಿಯಿಂದ ಕೆಲವರ ಅಲೆದಾಟ ಕಡಿಮೆಯಾಗಬಹುದಾದರೆ, ಈ ತೀರ್ಪಿನಿಂದ ಆಟಗಾರನು ಕರಾರಿನ ನಡುವೆ ಹೊರನಡೆಯುವುದು ಸುಲಭವಾಗಬಹುದು. ಈಸ್ಟ್‌ಹ್ಯಾಮ್‌ನಿಂದ ದಿಯಾರಾವರೆಗಿನ ಈ ಮೊಕದ್ದಮೆಗಳು ಕ್ಲಬ್ ಬಿಡುವ ಆಟಗಾರನ ಹಕ್ಕನ್ನು ಹಂತಹಂತವಾಗಿ ವಿಸ್ತರಿಸಿವೆ. ಬಯಸಿದ ಕ್ಲಬ್ಬಿನಲ್ಲಿ ಉಳಿಯುವ ಭದ್ರತೆಯನ್ನು ಕೆಳಗಿನ ಲೀಗುಗಳ ಆಟಗಾರನಿಗೆ ಒದಗಿಸುವ ವ್ಯವಸ್ಥೆ ಮಾತ್ರ ಇನ್ನೂ ರೂಪುಗೊಂಡಿಲ್ಲ.